ಒಂದು ಕೋಣೆ ಕಾವಲಿ, ಇನ್ನೊಂದು ಕೊರೆಯುವ ಚಳಿ: ರೇಡಿಯೇಟರ್‌ಗಳ ಬಿಸಿ ಸಮ ಮಾಡುವುದು ಹೇಗೆ

ಹಾಲ್‌ನಲ್ಲಿ ಕೂತವರು ಸ್ವೆಟರ್ ಬಿಚ್ಚಿ ಕಿಟಕಿ ತೆಗೆಯುತ್ತಾರೆ. ಅದೇ ಹೊತ್ತಿಗೆ ಕೊನೆಯ ಕೋಣೆಯಲ್ಲಿ ಮಗು ಎರಡು ಕಂಬಳಿ ಹೊದ್ದು ಓದುತ್ತಿರುತ್ತದೆ. ನೀರು ಕಾಯಿಸುವ ಬಾಯ್ಲರ್ ಒಂದೇ, ಕೋಣೆ ಕೋಣೆಯ ರೇಡಿಯೇಟರ್‌ಗೆ, ಅಂದರೆ ಕೋಣೆ ಬೆಚ್ಚಗಿಡುವ ಲೋಹದ ಫಲಕಕ್ಕೆ, ಹರಿಯುವ ಬಿಸಿನೀರೂ ಒಂದೇ. ಹಾಗಿದ್ದೂ ಒಂದು ರೇಡಿಯೇಟರ್ ಮುಟ್ಟಿದರೆ ಸುಡುತ್ತದೆ, ಇನ್ನೊಂದು ಗೋಡೆಯಷ್ಟೇ ತಣ್ಣಗಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬಾಯ್ಲರ್‌ನ ಬಿಸಿ ಏರಿಸುತ್ತಾರೆ. ಬಿಸಿ ಇದ್ದ ಕೋಣೆ ಇನ್ನಷ್ಟು ಬಿಸಿಯಾಗುತ್ತದೆ, ಇಂಧನದ ಖರ್ಚು ಏರುತ್ತದೆ, ಕೊನೆಯ ಕೋಣೆ ಮಾತ್ರ ಹಾಗೇ ಉಳಿಯುತ್ತದೆ. ಯಾಕೆಂದರೆ ಎಷ್ಟೋ ಸಲ ತಣ್ಣಗಿರುವ ರೇಡಿಯೇಟರ್‌ಗೆ ಏನೂ ಆಗಿರುವುದಿಲ್ಲ. ಅದರ ಪಾಲಿನ ನೀರನ್ನು ಇನ್ನೊಂದು ರೇಡಿಯೇಟರ್ ಕುಡಿದುಬಿಟ್ಟಿರುತ್ತದೆ.

ಕಾಲುವೆಯ ನೀರನ್ನು ನೆನೆಸಿಕೊಳ್ಳಿ. ಮೊದಲ ಗದ್ದೆಯ ತೂಬು ಪೂರ್ತಿ ತೆರೆದಿದ್ದರೆ ಕೊನೆಯ ಗದ್ದೆಗೆ ಏನು ಸಿಗುತ್ತದೆ? ರೇಡಿಯೇಟರ್‌ಗಳ ಕಥೆಯೂ ಅಷ್ಟೇ. ಬಾಯ್ಲರ್ ನೀರು ಕಾಯಿಸುತ್ತದೆ, ಪಂಪ್ ಅದನ್ನು ತಳ್ಳುತ್ತದೆ. ಒಂದು ಪೈಪಿನಲ್ಲಿ ಬಿಸಿನೀರು ರೇಡಿಯೇಟರ್ ಒಳಗೆ ಬರುತ್ತದೆ, ಇನ್ನೊಂದರಲ್ಲಿ ಸ್ವಲ್ಪ ತಣಿದು ಬಾಯ್ಲರ್‌ಗೆ ವಾಪಸ್ ಹೋಗುತ್ತದೆ. ನೀರು ಸಲೀಸಾದ ದಾರಿಯನ್ನೇ ಹಿಡಿಯುತ್ತದೆ. ಪಂಪಿಗೆ ಹತ್ತಿರದ ರೇಡಿಯೇಟರ್ ಎಂದರೆ ಸಲೀಸಾದ ದಾರಿ.

ಇದು ಎಲ್ಲಕ್ಕಿಂತ ಸಾಮಾನ್ಯ ಕಾರಣ, ಆದರೆ ಇದೊಂದೇ ಕಾರಣವಲ್ಲ. ಒಳಗೆ ಗಾಳಿ ತುಂಬಿರಬಹುದು, ತಳದಲ್ಲಿ ಗಸಿ ಕೂತಿರಬಹುದು, ವಾಲ್ವ್ ಅಂಟಿಕೊಂಡಿರಬಹುದು. ಯಾವುದು ಎಂದು ತಿಳಿಯಲು ದೊಡ್ಡ ಉಪಕರಣವೇನೂ ಬೇಡ, ನಿಮ್ಮ ಕೈ ಸಾಕು. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಅರ್ಧ ಗಂಟೆ ಮನೆ ಸುತ್ತಿ.

ಮುಟ್ಟಿ ನೋಡಿ, ಬರೆದಿಡಿ

ಕೋಣೆ ಬೇಕಾದಷ್ಟು ಬಿಸಿಯಾದಾಗ ಬಾಯ್ಲರ್ ನಿಲ್ಲಿಸುವ ಗೋಡೆಯ ಥರ್ಮೋಸ್ಟಾಟ್ ಅನ್ನು ಮೇಲಕ್ಕೆ ಏರಿಸಿ, ಇಲ್ಲದಿದ್ದರೆ ನೀವು ನೋಡುತ್ತಿರುವಾಗಲೇ ಬಾಯ್ಲರ್ ಆಫ್ ಆಗುತ್ತದೆ. ಎಲ್ಲ ರೇಡಿಯೇಟರ್‌ಗಳಲ್ಲಿ ನೀವು ದಿನಾ ತಿರುಗಿಸುವ ವಾಲ್ವ್ ಪೂರ್ತಿ ತೆರೆಯಿರಿ. ಅರ್ಧ ಗಂಟೆ ಬಿಡಿ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಒಂದೊಂದೇ ರೇಡಿಯೇಟರ್ ಹತ್ತಿರ ಹೋಗಿ. ಮೇಲ್ಭಾಗ, ತಳ, ನಡುಭಾಗ, ಎರಡೂ ಪೈಪು, ಇಷ್ಟನ್ನೂ ಮುಟ್ಟಿ ನೋಡಿ ಬರೆಯಿರಿ. ಪೈಪು 70 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು, ಹಾಗಾಗಿ ಅಂಗೈ ಒತ್ತಬೇಡಿ. ಕೈಯ ಹಿಂಬದಿಯನ್ನು ಒಂದು ಕ್ಷಣ ತಾಗಿಸಿದರೆ ಸಾಕು.

ತಣ್ಣಗಿರುವ ಜಾಗವೇ ಕಾರಣ ಹೇಳುತ್ತದೆ.

ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಇದೆ. ಗಾಳಿ ಮೇಲೆ ಸೇರಿಕೊಂಡು ನೀರಿಗೆ ಜಾಗ ಬಿಡುವುದಿಲ್ಲ.

ಮೇಲೆ ಮತ್ತು ಎರಡೂ ತುದಿಯಲ್ಲಿ ಬಿಸಿ ಇದ್ದು, ತಳದ ನಡುಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ಗಸಿ ಕೂತಿದೆ.

ಒಂದು ಪೈಪು ವಾಲ್ವ್‌ವರೆಗೆ ಚೆನ್ನಾಗಿ ಬಿಸಿ ಇದ್ದು ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ವಾಲ್ವ್ ಅಂಟಿಕೊಂಡಿದೆ.

ರೇಡಿಯೇಟರ್ ಜೊತೆಗೆ ಎರಡೂ ಪೈಪುಗಳೂ ಉಗುರುಬೆಚ್ಚಗೆ ಅಥವಾ ತಣ್ಣಗಿದ್ದು, ಬೇರೆ ಕೋಣೆಗಳಲ್ಲಿ ಚೆನ್ನಾಗಿ ಕಾಯುತ್ತಿದ್ದರೆ ಆ ರೇಡಿಯೇಟರ್‌ಗೆ ನೀರೇ ಬರುತ್ತಿಲ್ಲ. ಇದು ಹಂಚಿಕೆಯ ತೊಂದರೆ.

ಮೇಲಿನ ಮಹಡಿಯ ಎಲ್ಲವೂ ತಣ್ಣಗಿದ್ದರೆ ವ್ಯವಸ್ಥೆಯಲ್ಲಿ ನೀರು ಕಡಿಮೆಯಾಗಿರಬಹುದು, ಪ್ರೆಶರ್ ನೋಡಿ. ಮನೆಯ ಎಲ್ಲ ರೇಡಿಯೇಟರ್‌ಗಳೂ ಉಗುರುಬೆಚ್ಚಗೇ ಉಳಿದಿದ್ದರೆ ಪಂಪ್ ಅಥವಾ ಬಾಯ್ಲರ್ ಕಡೆ ಗಮನ ಹರಿಸಬೇಕು.

ಇಲ್ಲೊಂದು ಮಾತು. ಮೇಲ್ಭಾಗಕ್ಕಿಂತ ತಳ ಸ್ವಲ್ಪ ತಣ್ಣಗಿರುವುದು ಸಹಜ. ನೀರು ಒಳಗೆ ಬಂದು ತನ್ನ ಬಿಸಿಯನ್ನು ಕೋಣೆಗೆ ಕೊಟ್ಟು ಹೋಗಬೇಕು ಅಲ್ವಾ? ಬಂದಷ್ಟೇ ಬಿಸಿಯಾಗಿ ವಾಪಸ್ ಹೋದರೆ ಅದು ಸುಮ್ನೆ ಓಡಾಡಿದಂತೆ. ಹಾಗಾಗಿ ಎರಡು ಪೈಪುಗಳ ನಡುವೆ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಆ ವ್ಯತ್ಯಾಸ ಎಷ್ಟಿರಬೇಕು ಎನ್ನುವುದೇ ಮುಂದೆ ಬರುವ ಮುಖ್ಯ ಕೆಲಸ.

ಮೊದಲು ಸುಲಭದ್ದು

ರೇಡಿಯೇಟರ್ ಎದುರಿಗೆ ಸೋಫಾ ಇದೆಯಾ? ಉದ್ದನೆಯ ಪರದೆ ಅದರ ಮೇಲೆ ಬಿದ್ದಿದೆಯಾ? ಒದ್ದೆ ಬಟ್ಟೆ ಹರವಿದ್ದೀರಾ? ಚಪ್ಪಟೆ ರೇಡಿಯೇಟರ್‌ಗಳು ಕೋಣೆಗೆ ಕೊಡುವ ಬಿಸಿಯಲ್ಲಿ ದೊಡ್ಡ ಪಾಲು ಗಾಳಿಯ ಮೂಲಕವೇ ಹೋಗುತ್ತದೆ. ತಣ್ಣನೆಯ ಗಾಳಿ ತಳದಿಂದ ಒಳಬಂದು, ಕಾದು, ಮೇಲಿಂದ ಹೊರಬರಬೇಕು. ಸೋಫಾ ಒಂದು ಗೇಣು ಮುಂದೆ ಬಂದರೂ ವ್ಯತ್ಯಾಸ ಗೊತ್ತಾಗುತ್ತದೆ. ಹಿಂಬದಿಯ ಮಡಿಕೆ ಮಡಿಕೆಯಾದ ತಗಡಿನಲ್ಲಿ ವರ್ಷಗಟ್ಟಲೆಯ ಧೂಳು ಕೂತಿರುತ್ತದೆ, ಉದ್ದನೆಯ ಬ್ರಷ್ ಹಾಕಿ ಅದನ್ನು ತೆಗೆಯಿರಿ.

ಇನ್ನು ಗೋಡೆಯ ಥರ್ಮೋಸ್ಟಾಟ್ ಎಲ್ಲಿದೆ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಅದು ಇರುವ ಕೋಣೆ ಬೇಗ ಬಿಸಿಯಾದರೆ "ಸಾಕು" ಎಂದು ಬಾಯ್ಲರ್ ನಿಲ್ಲಿಸಿಬಿಡುತ್ತದೆ. ಉಳಿದ ಕೋಣೆಗಳು ಇನ್ನೂ ಕಾಯುವ ಮೊದಲೇ ನೀರು ತಣಿಯತೊಡಗುತ್ತದೆ. ಆ ಕೋಣೆಯ ರೇಡಿಯೇಟರ್‌ಗೆ ನೀರು ಸ್ವಲ್ಪ ಕಡಿಮೆ ಬಿಟ್ಟು, ಅದು ನಿಧಾನವಾಗಿ ಕಾಯುವಂತೆ ಮಾಡಿದರೆ ಇಡೀ ಮನೆಗೆ ಹೊತ್ತು ಸಿಗುತ್ತದೆ. ಹೇಗೆ ಎಂದು ಮುಂದೆ ಹೇಳುತ್ತೇನೆ.

ಗಾಳಿ ತೆಗೆಯುವುದು

ಬೇಕಾದ್ದು ರೇಡಿಯೇಟರ್ ಕೀ, ಒಂದು ಬಟ್ಟೆ, ಒಂದು ಲೋಟ. ಕೀ ಚಿಕ್ಕದು. ಸಾಮಾನ್ಯವಾಗಿ 5 ಮಿಲಿಮೀಟರ್ ಚೌಕದ ತಿರುಪಿಗೆ ಕೂರುತ್ತದೆ. ಕೆಲವು ರೇಡಿಯೇಟರ್‌ಗಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಸಾಕು.

ಬಾಯ್ಲರ್ ಆಫ್ ಮಾಡಿ, ನೀರು ತಣಿಯಲು ಬಿಡಿ. ಪಂಪ್ ಓಡುತ್ತಿರುವಾಗ ಗಾಳಿ ಬಿಟ್ಟರೆ ಇನ್ನಷ್ಟು ಗಾಳಿ ಒಳಗೆ ಎಳೆದುಕೊಳ್ಳುವ ಸಾಧ್ಯತೆ ಇರುತ್ತದೆ, ಬಿಸಿನೀರು ಕೈಮೇಲೆ ಹಾರುವ ಅಪಾಯ ಬೇರೆ. ಕೆಳಗಿನ ಮಹಡಿಯಿಂದ ಶುರುಮಾಡಿ, ಕೊನೆಗೆ ಮೇಲಿನ ಮಹಡಿಗೆ ಹೋಗಿ.

ರೇಡಿಯೇಟರ್‌ನ ಒಂದು ಮೇಲ್ತುದಿಯಲ್ಲಿ ಸಣ್ಣ ತಿರುಪು ಇರುತ್ತದೆ. ಅದರ ಕೆಳಗೆ ಲೋಟ ಹಿಡಿದು, ಸುತ್ತ ಬಟ್ಟೆ ಇಟ್ಟು, ಕೀಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಮೊದಲು ಬುಸ್ಸೆನ್ನುವ ಸದ್ದು ಬರುತ್ತದೆ. ಆಗ ಕೈ ತಡೆಯಿರಿ, ಇನ್ನೂ ಜಾಸ್ತಿ ತಿರುಗಿಸಬೇಡಿ. ತಿರುಪು ಪೂರ್ತಿ ಕಳಚಿ ಬಂದರೆ ನೀರು ಚಿಮ್ಮುತ್ತದೆ, ಅದನ್ನು ವಾಪಸ್ ಕೂರಿಸುವಷ್ಟರಲ್ಲಿ ನೆಲವೆಲ್ಲ ಒದ್ದೆ. ಬುಸ್ಸೆನ್ನುವುದು ನಿಧಾನವಾಗಿ ಕಡಿಮೆಯಾಗುತ್ತದೆ, ನೀರು ಗಾಳಿ ಬೆರೆತು ಪಿಚಕ್ ಪಿಚಕ್ ಎಂದು ಉಗುಳುತ್ತದೆ, ಆಮೇಲೆ ಒಂದೇ ಸಮನೆ ಸಣ್ಣ ಧಾರೆ ಬರುತ್ತದೆ. ಧಾರೆ ನೆಟ್ಟಗಾದ ಕೂಡಲೇ ಬಲಕ್ಕೆ ತಿರುಗಿಸಿ ಮುಚ್ಚಿ. ಹಿತ್ತಾಳೆಯ ತಿರುಪು ಮೆತ್ತಗಿರುತ್ತದೆ, ಶಕ್ತಿ ಹಾಕಿ ಬಿಗಿಯಬೇಡಿ.

ಈ ಕೆಲಸ ಮಾಡುವಾಗ ಹತ್ತಿರದಲ್ಲಿ ಬೆಂಕಿಕಡ್ಡಿ, ಮೇಣದಬತ್ತಿ ಬೇಡ. ಒಳಗೆ ಉಕ್ಕು ತುಕ್ಕು ಹಿಡಿಯುವಾಗ ಹೈಡ್ರೋಜನ್ ಅನಿಲವೂ ಹುಟ್ಟಬಹುದು. ಹೊರಬರುವುದೆಲ್ಲ ಬರೀ ಗಾಳಿ ಎಂದುಕೊಳ್ಳುವಂತಿಲ್ಲ.

ಎಲ್ಲ ಮುಗಿದ ಮೇಲೆ ಬಾಯ್ಲರ್‌ನ ಪ್ರೆಶರ್ ಮುಳ್ಳು ನೋಡಿ. ಗಾಳಿ ಹೋದಷ್ಟೂ ಪ್ರೆಶರ್ ಇಳಿದಿರುತ್ತದೆ. ಮುಚ್ಚಿದ ವ್ಯವಸ್ಥೆಯಲ್ಲಿ ನೀರು ತಣ್ಣಗಿದ್ದಾಗ ಸಾಮಾನ್ಯವಾಗಿ 1 ರಿಂದ 1.5 ಬಾರ್ (ಪ್ರೆಶರ್ ಅಳೆಯುವ ಮಾನ) ಇರಬೇಕು. ಕಡಿಮೆ ಇದ್ದರೆ ನೀರು ತುಂಬುವ ನಲ್ಲಿಯನ್ನು ನಿಧಾನವಾಗಿ ತೆರೆದು ಅಷ್ಟಕ್ಕೆ ತನ್ನಿ, ಆಮೇಲೆ ಮರೆಯದೆ ಗಟ್ಟಿಯಾಗಿ ಮುಚ್ಚಿ. ಈ ನಲ್ಲಿ ಸ್ವಲ್ಪ ತೆರೆದೇ ಉಳಿದರೆ ಪ್ರೆಶರ್ ಏರುತ್ತಲೇ ಹೋಗಿ, 3 ಬಾರ್ ಹತ್ತಿರ ಸುರಕ್ಷತಾ ವಾಲ್ವ್ ತೆರೆದು ನೀರು ಹೊರಗೆ ಸುರಿಯತೊಡಗುತ್ತದೆ. ಅಟ್ಟದಲ್ಲಿ ಸಣ್ಣ ನೀರಿನ ತೊಟ್ಟಿ ಇರುವ ಹಳೆಯ ವ್ಯವಸ್ಥೆಗಳಲ್ಲಿ ಈ ಮುಳ್ಳು ಇರುವುದಿಲ್ಲ. ಅಲ್ಲಿ ತೊಟ್ಟಿಯಲ್ಲಿ ನೀರಿದೆಯಾ, ಅದರ ತೇಲುಬುರುಡೆ ಅಂಟಿಕೊಂಡಿದೆಯಾ ಎಂದು ನೋಡಬೇಕು.

ವರ್ಷಕ್ಕೊಮ್ಮೆ ಗಾಳಿ ತೆಗೆಯುವುದು ಮಾಮೂಲು. ತಿಂಗಳಿಗೊಮ್ಮೆ ತೆಗೆಯಬೇಕಾಗಿ ಬಂದರೆ ಎಲ್ಲೋ ನೀರು ಸೋರುತ್ತಿದೆ, ಇಲ್ಲವೇ ಒಳಗೆ ತುಕ್ಕು ಜೋರಾಗಿದೆ.

ಅಂಟಿಕೊಂಡ ಪಿನ್

ಅಂಕಿಗಳಿರುವ ದುಂಡನೆಯ ಹಿಡಿ ನಿಮ್ಮ ರೇಡಿಯೇಟರ್‌ನಲ್ಲಿದ್ದರೆ ಅದು ಥರ್ಮೋಸ್ಟಾಟಿಕ್ ವಾಲ್ವ್. ಅದರ ತಲೆಯೊಳಗೆ ಮೇಣ ಅಥವಾ ದ್ರವ ತುಂಬಿದ ಪುಟ್ಟ ಕರಂಡಕ ಇರುತ್ತದೆ. ಕೋಣೆ ಬೆಚ್ಚಗಾದಂತೆ ಅದು ಹಿಗ್ಗಿ ಕೆಳಗಿನ ಪಿನ್ ಅನ್ನು ಒತ್ತುತ್ತದೆ, ನೀರಿನ ದಾರಿ ಮುಚ್ಚುತ್ತದೆ. ತಣಿದಾಗ ಕುಗ್ಗುತ್ತದೆ, ಪಿನ್ ಮೇಲೇಳುತ್ತದೆ. ಕರೆಂಟಿಲ್ಲ, ಬ್ಯಾಟರಿ ಇಲ್ಲ. 1943ರಲ್ಲಿ ಡೆನ್ಮಾರ್ಕಿನ ಮ್ಯಾಡ್ಸ್ ಕ್ಲಾಸೆನ್ ಇದನ್ನು ರೂಪಿಸಿದರು. ಆ ಸರಳತೆ ನನಗೆ ಇವತ್ತಿಗೂ ಇಷ್ಟ.

ಬೇಸಿಗೆಯಿಡೀ ಮುಚ್ಚಿಟ್ಟ ವಾಲ್ವ್‌ನ ಪಿನ್ ಕೆಳಗೇ ಅಂಟಿಕೊಳ್ಳುವುದು ತುಂಬಾ ಸಾಮಾನ್ಯ. ತಲೆಯನ್ನು 5ಕ್ಕೆ ತಿರುಗಿಸಿ, ಅದನ್ನು ಹಿಡಿದಿರುವ ಉಂಗುರವನ್ನು ಎಡಕ್ಕೆ ಸಡಿಲಿಸಿ, ತಲೆ ಎತ್ತಿ ತೆಗೆಯಿರಿ. ಹೀಗೆ ತೆಗೆದರೆ ನೀರು ಬರುವುದಿಲ್ಲ, ಹೆದರಬೇಡಿ. ನಡುವೆ ಬೆಂಕಿಕಡ್ಡಿಗಿಂತಲೂ ಸಣ್ಣದಾದ ಲೋಹದ ಪಿನ್ ಕಾಣಿಸುತ್ತದೆ. ಸ್ಪ್ಯಾನರ್‌ನ ಚಪ್ಪಟೆ ಬದಿಯಿಂದ ಅದನ್ನು ಮೆಲ್ಲಗೆ ಒತ್ತಿ. ಸರಿ ಇರುವ ಪಿನ್ ಕೆಲವು ಮಿಲಿಮೀಟರ್ ಒಳಗೆ ಹೋಗಿ, ಕೈ ತೆಗೆದ ಕೂಡಲೇ ಚಂಗನೆ ಮೇಲೆ ಬರುತ್ತದೆ. ಅಂಟಿಕೊಂಡ ಪಿನ್ ಅಲುಗುವುದೇ ಇಲ್ಲ. ಸ್ಪ್ಯಾನರ್‌ನಿಂದ ಪಕ್ಕದ ಹಿತ್ತಾಳೆಯ ಮೈಗೆ ಎರಡು ಮೂರು ಸಲ ಹಗುರವಾಗಿ ತಟ್ಟಿ, ಒಂದು ತೊಟ್ಟು ಸಿಲಿಕೋನ್ ಎಣ್ಣೆ ಬಿಡಿ, ಮತ್ತೆ ಒತ್ತಿ. ಸಡಿಲವಾದ ಮೇಲೆ ಹತ್ತು ಹದಿನೈದು ಸಲ ಒತ್ತಿ ಬಿಡಿ. ಇಕ್ಕಳ ಹಾಕಿ ಎಳೆಯಲು ಮಾತ್ರ ಹೋಗಬೇಡಿ. ಪಿನ್ ಕಿತ್ತು ಬಂದರೆ ನೀರು ಕಾರಂಜಿಯಂತೆ ಏಳುತ್ತದೆ.

ತಲೆಯನ್ನು ವಾಪಸ್ ಹಾಕುವಾಗಲೂ 5ರಲ್ಲೇ ಇರಲಿ. ಆಮೇಲೆ ಬೇಕಾದಲ್ಲಿಗೆ ತನ್ನಿ. ಹೆಚ್ಚಿನ ವಾಲ್ವ್‌ಗಳಲ್ಲಿ 3 ಎಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಕಾಯುತ್ತದೆ ಎನ್ನುವುದು ತಪ್ಪು ತಿಳುವಳಿಕೆ. ಕಾಯುವ ವೇಗ ಅದೇ, ನಿಲ್ಲುವ ಜಾಗ ಮಾತ್ರ ಬೇರೆ. ತಲೆ ಪರದೆಯ ಹಿಂದೆ ಸಿಕ್ಕಿಕೊಂಡಿದ್ದರೆ ಅದಕ್ಕೆ ಪರದೆಯ ಹಿಂದಿನ ಸೆಕೆಯಷ್ಟೇ ಗೊತ್ತು, ಕೋಣೆಯ ಚಳಿ ಗೊತ್ತಾಗುವುದಿಲ್ಲ. ಗೋಡೆಯ ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ ಈ ವಾಲ್ವ್ ಇದ್ದರೆ ಅದನ್ನು ಪೂರ್ತಿ ತೆರೆದೇ ಇಡಿ. ಇಲ್ಲವಾದರೆ ಎರಡೂ ಒಂದಕ್ಕೊಂದು ಜಗ್ಗಾಡುತ್ತವೆ.

ನೀರು ಹಂಚುವುದು

ಗಾಳಿ ಹೋಯಿತು, ಪಿನ್‌ಗಳು ಆಡುತ್ತಿವೆ. ಆದರೂ ಕೊನೆಯ ಕೋಣೆ ತಣ್ಣಗಿದೆ. ಈಗ ನಿಜವಾದ ಕೆಲಸ. ಕೆಲಸದವರು ಇದನ್ನು ಬ್ಯಾಲೆನ್ಸಿಂಗ್ ಎನ್ನುತ್ತಾರೆ. ಒಂದು ಪೂರ್ತಿ ಬೆಳಗ್ಗೆ ಬೇಕಾಗಬಹುದು. ಕಷ್ಟವಿಲ್ಲ, ತಾಳ್ಮೆ ಬೇಕು.

ಪ್ರತಿ ರೇಡಿಯೇಟರ್‌ನ ಎರಡೂ ತುದಿಯಲ್ಲಿ ಒಂದೊಂದು ವಾಲ್ವ್ ಇರುತ್ತದೆ. ಒಂದು ನೀವು ದಿನಾ ತಿರುಗಿಸುವುದು. ಇನ್ನೊಂದರ ಮೇಲೆ ಸುಮ್ಮನೆ ಸುತ್ತುವ ಅಥವಾ ಎಳೆದರೆ ಬರುವ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದರ ಹೆಸರು ಲಾಕ್‌ಶೀಲ್ಡ್ ವಾಲ್ವ್. ಟೋಪಿ ತೆಗೆದರೆ ಚೌಕನೆಯ ಅಥವಾ ಚಪ್ಪಟೆ ದಂಡ ಕಾಣುತ್ತದೆ. ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ. ಕಾಲುವೆಯ ತೂಬು ಇದೇ.

ಒಂದು ಸಣ್ಣ ಸ್ಪ್ಯಾನರ್, ಸ್ಕ್ರೂಡ್ರೈವರ್, ಹಾಳೆ, ಮತ್ತು ಪೈಪಿಗೆ ಸಿಕ್ಕಿಸುವ ಎರಡು ಥರ್ಮಾಮೀಟರ್ ಬೇಕು. ದೂರದಿಂದಲೇ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಆದರೂ ಸರಿ, ಆದರೆ ಹೊಳೆಯುವ ತಾಮ್ರದ ಪೈಪಿನ ಮೇಲೆ ಅದು ತಪ್ಪು ತೋರಿಸುತ್ತದೆ. ಪೈಪಿಗೆ ಕರಿ ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿ ಅದರ ಮೇಲೆ ಅಳೆಯಿರಿ.

1. ಬಾಯ್ಲರ್ ಆಫ್ ಮಾಡಿ, ರೇಡಿಯೇಟರ್‌ಗಳು ಪೂರ್ತಿ ತಣಿಯಲಿ. ಒಂದೊಂದೇ ಲಾಕ್‌ಶೀಲ್ಡ್ ಅನ್ನು ಬಲಕ್ಕೆ ತಿರುಗಿಸುತ್ತಾ, ಮುಚ್ಚಲು ಎಷ್ಟು ಸುತ್ತು ಬೇಕಾಯಿತು ಎಂದು ಎಣಿಸಿ ಬರೆಯಿರಿ. ಈ ಲೆಕ್ಕ ಇದ್ದರೆ ಏನಾದರೂ ಎಡವಟ್ಟಾದಾಗ ಮೊದಲಿದ್ದ ಹಾಗೆ ಮಾಡಬಹುದು. ಬರೆದಾದ ಮೇಲೆ ಎಲ್ಲವನ್ನೂ ಪೂರ್ತಿ ತೆರೆಯಿರಿ. ಥರ್ಮೋಸ್ಟಾಟಿಕ್ ತಲೆಗಳನ್ನು ಕಳಚಿಡಿ, ಇಲ್ಲವೇ ಗರಿಷ್ಠಕ್ಕೆ ಇಡಿ.

2. ಬಾಯ್ಲರ್ ಆನ್ ಮಾಡಿ, ಕೂಡಲೇ ಮನೆ ಸುತ್ತಿ. ಯಾವ ರೇಡಿಯೇಟರ್ ಮೊದಲು ಬಿಸಿಯಾಯಿತು, ಯಾವುದು ಆಮೇಲೆ, ಯಾವುದು ಕೊನೆಗೆ ಎಂದು ಕ್ರಮವಾಗಿ ಬರೆಯಿರಿ. ಮೊದಲ ಮೂರು ನಾಲ್ಕು ಪಟಪಟನೆ ಕಾಯುತ್ತವೆ. ಮನೆಯವರನ್ನು ಒಂದೊಂದು ಕೋಣೆಯಲ್ಲಿ ನಿಲ್ಲಿಸಿದರೆ ಒಳ್ಳೆಯದು.

3. ಮೊದಲು ಕಾದ ರೇಡಿಯೇಟರ್ ಹತ್ತಿರ ಹೋಗಿ. ಅದರ ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆಯಿರಿ. ಹತ್ತು ನಿಮಿಷ ಕಾಯಿರಿ. ಒಳಬರುವ ಪೈಪು ಮತ್ತು ಹೊರಹೋಗುವ ಪೈಪು ಎರಡರ ಬಿಸಿಯನ್ನೂ ಅಳೆಯಿರಿ.

4. ವ್ಯತ್ಯಾಸ ನೋಡಿ. ಹಳೆಯ ಬಾಯ್ಲರ್‌ಗೆ ಸುಮಾರು 11 ಡಿಗ್ರಿ ಇರಲಿ. ಹೊಗೆಯಲ್ಲಿನ ಬಿಸಿಯನ್ನೂ ಬಳಸಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರ್‌ಗೆ 20 ಡಿಗ್ರಿಯವರೆಗೂ ಇರಬಹುದು. ಬಾಯ್ಲರ್ ಬದಲು ಹೊರಗಿನ ಗಾಳಿ ಅಥವಾ ನೆಲದ ಬಿಸಿ ಎಳೆದು ನೀರು ಕಾಯಿಸುವ ಹೀಟ್ ಪಂಪ್ ಇದ್ದರೆ 5 ಡಿಗ್ರಿ ಆಸುಪಾಸು. ವ್ಯತ್ಯಾಸ ಇದಕ್ಕಿಂತ ಕಡಿಮೆ ಬಂದರೆ ನೀರು ಬಿಸಿ ಕೊಡದೇ ಓಡುತ್ತಿದೆ, ಚೂರು ಮುಚ್ಚಿ. ಜಾಸ್ತಿ ಬಂದರೆ ನೀರು ಸಾಲುತ್ತಿಲ್ಲ, ಚೂರು ತೆರೆಯಿರಿ. ಪ್ರತಿ ಸಲ ಐದರಿಂದ ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ.

5. ಪಟ್ಟಿಯಲ್ಲಿ ಎರಡನೆಯದಕ್ಕೆ ಹೋಗಿ, ಹೀಗೇ ಮಾಡಿ. ಮುಂದಿನದಕ್ಕೆ ಹೋದಷ್ಟೂ ವಾಲ್ವ್ ಸ್ವಲ್ಪ ಸ್ವಲ್ಪ ಹೆಚ್ಚು ತೆರೆದಿರುತ್ತದೆ. ಕೊನೆಯದು ಸಾಮಾನ್ಯವಾಗಿ ಪೂರ್ತಿ ತೆರೆದೇ ಇರುತ್ತದೆ.

6. ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ ಬನ್ನಿ. ಒಂದನ್ನು ಮುಚ್ಚಿದರೆ ಆ ನೀರು ಉಳಿದವಕ್ಕೆಲ್ಲ ಹಂಚಿಹೋಗುತ್ತದೆ. ಹಾಗಾಗಿ ಎರಡನೇ ಸುತ್ತಿನಲ್ಲಿ ಅಲ್ಪಸ್ವಲ್ಪ ತಿದ್ದಬೇಕಾಗುತ್ತದೆ.

"ಕಾಲು ಸುತ್ತಾ? ಅಷ್ಟು ಕಡಿಮೆ ನೀರು ಸಾಕಾ?" ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ನೀರು ಒಂದು ಡಿಗ್ರಿ ತಣಿದರೆ ಸುಮಾರು 4.2 ಕಿಲೋಜೂಲ್ ಬಿಸಿ ಕೊಡುತ್ತದೆ. 1 ಕಿಲೋವ್ಯಾಟ್‌ನ ರೇಡಿಯೇಟರ್‌ನಲ್ಲಿ ನೀರು 20 ಡಿಗ್ರಿ ತಣಿಯುವುದಾದರೆ ನಿಮಿಷಕ್ಕೆ ಮುಕ್ಕಾಲು ಲೀಟರ್ ನೀರೂ ಬೇಕಾಗುವುದಿಲ್ಲ. 10 ಡಿಗ್ರಿ ತಣಿಯುವುದಾದರೆ ಸುಮಾರು ಒಂದೂವರೆ ಲೀಟರ್ ಬೇಕು. ಎರಡೂ ಕಡೆ ಕೋಣೆಗೆ ಸಿಗುವುದು ಅದೇ 1 ಕಿಲೋವ್ಯಾಟ್. ಮೊದಲ ರೇಡಿಯೇಟರ್ ತನಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ನೀರು ಎಳೆಯುತ್ತಿತ್ತು. ಅದರಿಂದ ತೆಗೆದುಕೊಂಡರೂ ಅದು ಸೊರಗುವುದಿಲ್ಲ. ಈ ವಾಲ್ವ್‌ಗಳಲ್ಲಿ ನೀರಿನ ಹೆಚ್ಚು ಕಡಿಮೆಯೆಲ್ಲ ಬಹುಮಟ್ಟಿಗೆ ಮೊದಲ ಒಂದು ಸುತ್ತಿನೊಳಗೇ ನಡೆಯುತ್ತದೆ. ಆಮೇಲೆ ಎಷ್ಟು ತೆರೆದರೂ ದೊಡ್ಡ ಬದಲಾವಣೆ ಕಾಣುವುದಿಲ್ಲ. ಅದಕ್ಕೇ ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಜಾಸ್ತಿ ತಿದ್ದಬೇಡಿ.

ನಾನು ಮೊದಲ ಸಲ ಇದನ್ನು ಮಾಡಿದಾಗ ಬಾಗಿಲ ಬಳಿಯ ಪಡಸಾಲೆಯ ರೇಡಿಯೇಟರ್ ಎಲ್ಲಕ್ಕಿಂತ ಮೊದಲು ಕಾಯುತ್ತಿತ್ತು. ಯಾರೂ ಕೂರದ ಜಾಗ ಅದು. ಅದರ ಎರಡು ಪೈಪುಗಳ ನಡುವೆ 3 ಡಿಗ್ರಿ ವ್ಯತ್ಯಾಸವೂ ಇರಲಿಲ್ಲ. ಬಿಸಿನೀರು ಒಂದು ಬಾಗಿಲಿಂದ ಬಂದು ಇನ್ನೊಂದು ಬಾಗಿಲಿಂದ ಓಡಿಹೋಗುತ್ತಿತ್ತು. ಲಾಕ್‌ಶೀಲ್ಡ್ ಮುಚ್ಚಿ ಕಾಲು ಸುತ್ತು ತೆರೆದೆ. ಕೊನೆಯ ಕೋಣೆಗೆ ಹೋಗಿ ನೆಲದ ಮೇಲೆ ಕೂತು ಪೈಪಿಗೆ ಬೆರಳು ತಾಗಿಸಿಕೊಂಡಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ತಣ್ಣನೆಯ ತಾಮ್ರ ತಣ್ಣಗಿಲ್ಲ ಅನ್ನಿಸಿತು, ನಿಧಾನಕ್ಕೆ ಬೆಚ್ಚಗಾಯಿತು, ಹತ್ತು ನಿಮಿಷಕ್ಕೆ ಬೆರಳು ಇಡಲಾಗದಷ್ಟು ಬಿಸಿ. ಆ ಕೋಣೆಯ ರೇಡಿಯೇಟರ್ ಅನ್ನು ನಾನು ಮುಟ್ಟಿರಲೇ ಇಲ್ಲ.

ಎಲ್ಲ ಸರಿಯಾಗಿ ಹಂಚಿದ ಮೇಲೆ ಬಾಯ್ಲರ್‌ನಿಂದ ಹೊರಡುವ ನೀರಿನ ಬಿಸಿಯನ್ನು ಇಳಿಸಿ ನೋಡಿ. 75ರಲ್ಲಿದ್ದರೆ 65ಕ್ಕೆ, ಆಮೇಲೆ 60ಕ್ಕೆ. ಕಂಡೆನ್ಸಿಂಗ್ ಬಾಯ್ಲರ್‌ಗೆ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ ಹೊಗೆಯಲ್ಲಿನ ಆವಿ ನೀರಾಗಿ, ಅದರ ಬಿಸಿಯೂ ನಮಗೆ ದಕ್ಕುತ್ತದೆ. ಇಂಧನ ಉಳಿಯುವುದು ಅಲ್ಲೇ. ಆದರೆ ಸ್ನಾನದ ಬಿಸಿನೀರು ಸಿಲಿಂಡರ್‌ನಲ್ಲಿ ಶೇಖರವಾಗುವ ಮನೆಯಾದರೆ ಆ ಸಿಲಿಂಡರ್ ನೀರು 60 ಡಿಗ್ರಿ ಮುಟ್ಟಲೇಬೇಕು. ಇಲ್ಲವಾದರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಅಂಥ ಮನೆಯಲ್ಲಿ ಬಾಯ್ಲರ್‌ನ ಬಿಸಿಯನ್ನು ಸಿಲಿಂಡರ್‌ಗೆ ಬೇಕಾದ್ದಕ್ಕಿಂತ ಕೆಳಗೆ ಇಳಿಸಬೇಡಿ.

ಕೊನೆಯ ರೇಡಿಯೇಟರ್ ಪೂರ್ತಿ ತೆರೆದಿದ್ದರೂ ಕಾಯದಿದ್ದರೆ ಪಂಪ್‌ನ ವೇಗವನ್ನು ಒಂದು ಹಂತ ಏರಿಸಿ ನೋಡಿ. ಪೈಪಿನಲ್ಲಿ ಸುಯ್ ಎಂಬ ಸದ್ದು ಶುರುವಾದರೆ ವೇಗ ಜಾಸ್ತಿಯಾಯಿತು ಎಂದು ಅರ್ಥ. ಇನ್ನು ರೇಡಿಯೇಟರ್ ಸುಡುಸುಡು ಬಿಸಿ ಇದ್ದೂ ಕೋಣೆ ಚಳಿ ಎಂದರೆ ಹಂಚಿಕೆಯಿಂದ ಏನೂ ಆಗದು. ಆ ಕೋಣೆಗೆ ರೇಡಿಯೇಟರ್ ಚಿಕ್ಕದಾಗಿದೆ, ಅಥವಾ ಕಿಟಕಿ ಸಂದಿಯಿಂದ ಗಾಳಿ ನುಗ್ಗುತ್ತಿದೆ.

ತಳದಲ್ಲಿ ಕೂತ ಗಸಿ

ಗಾಳಿ ತೆಗೆಯುವಾಗ ಬಂದ ನೀರಿನ ಬಣ್ಣ ನೆನಪಿದೆಯಾ? ತಿಳಿಯಾಗಿದ್ದರೆ ಸಂತೋಷ. ಕಾಡಿಗೆಯಂತೆ ಕಪ್ಪಾಗಿದ್ದರೆ ಆ ಬಟ್ಟೆಯನ್ನು ಒಣಗಿಸಿ, ಕಲೆಯ ಹತ್ತಿರ ಒಂದು ಆಯಸ್ಕಾಂತ ಹಿಡಿಯಿರಿ. ಕಪ್ಪು ಪುಡಿ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಅದು ಮ್ಯಾಗ್ನೆಟೈಟ್, ನಿಮ್ಮ ರೇಡಿಯೇಟರ್‌ನ ಉಕ್ಕೇ ಕರಗಿ ಆದದ್ದು. ಭಾರವಿರುವ ಪುಡಿ, ನೀರು ನಿಧಾನವಾಗುವ ತಳದ ನಡುಭಾಗದಲ್ಲಿ ಕೂರುತ್ತದೆ. ಅದಕ್ಕೇ ಆ ಜಾಗ ತಣ್ಣಗಿರುವುದು.

ಒಂದೇ ರೇಡಿಯೇಟರ್‌ನಲ್ಲಿ ಇದ್ದರೆ ಅದನ್ನು ಕಳಚಿ ತೊಳೆಯಬಹುದು. ನೀರು ತಣಿದ ಮೇಲೆ ಎರಡೂ ವಾಲ್ವ್ ಮುಚ್ಚಿ, ಲಾಕ್‌ಶೀಲ್ಡ್ ಮುಚ್ಚಲು ಎಷ್ಟು ಸುತ್ತು ಎಂದು ಎಣಿಸಿಕೊಳ್ಳಿ. ಥರ್ಮೋಸ್ಟಾಟಿಕ್ ತಲೆಯ 0 ಅಥವಾ ಹಿಮದ ಗುರುತನ್ನು ನಂಬಬೇಡಿ, ಕೋಣೆ ತಣಿದರೆ ಅದು ತಾನೇ ತೆರೆದುಕೊಳ್ಳುತ್ತದೆ. ಅದರ ಜೊತೆ ಕೊಡುವ ಮುಚ್ಚುವ ಟೋಪಿ ಹಾಕಿ. ಕೆಳಗೆ ಅಗಲವಾದ ತಟ್ಟೆ ಇಟ್ಟು, ಒಂದು ಕಡೆಯ ನಟ್ ಸಡಿಲಿಸಿ, ಮೇಲಿನ ಗಾಳಿಯ ತಿರುಪು ತೆರೆದರೆ ನೀರು ಇಳಿಯುತ್ತದೆ. ಈ ಕಪ್ಪು ನೀರು ನೆಲಹಾಸಿಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಾಗಾಗಿ ಎರಡು ಪಟ್ಟು ಬಟ್ಟೆ ಹಾಸಿ. ರೇಡಿಯೇಟರ್ ತುಂಬಾ ಭಾರ, ಇಬ್ಬರು ಬೇಕು. ತೂತುಗಳಿಗೆ ಬಟ್ಟೆ ತುರುಕಿ ಹೊರಗೆ ಒಯ್ದು, ತೋಟದ ನೀರಿನ ಪೈಪು ಹಿಡಿದು ತಿಳಿನೀರು ಬರುವವರೆಗೆ ತೊಳೆಯಿರಿ. ನಡುನಡುವೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಅಂಟಿದ್ದೂ ಬಿಡುತ್ತದೆ.

ಹಲವು ರೇಡಿಯೇಟರ್‌ಗಳಲ್ಲಿ ಗಸಿ ಇದ್ದರೆ ಇಡೀ ವ್ಯವಸ್ಥೆಗೇ ಶುದ್ಧಿ ಬೇಕು. ಗಸಿ ಕರಗಿಸುವ ದ್ರಾವಣ ಹಾಕಿ, ಅದರ ಮೇಲೆ ಬರೆದಷ್ಟು ದಿನ ಓಡಿಸಿ, ನೀರು ಖಾಲಿ ಮಾಡಿ, ತೊಳೆದು, ಹೊಸ ನೀರಿನ ಜೊತೆ ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕಬೇಕು. ತೀರಾ ಜಾಸ್ತಿ ಇದ್ದರೆ ಯಂತ್ರ ಹಚ್ಚಿ ಜೋರಾಗಿ ತೊಳೆಯುವವರನ್ನು ಕರೆಸಿ. ಬಾಯ್ಲರ್‌ಗೆ ವಾಪಸ್ ಬರುವ ಪೈಪಿನಲ್ಲಿ ಆಯಸ್ಕಾಂತದ ಫಿಲ್ಟರ್ ಒಂದನ್ನು ಹಾಕಿಸುವುದು ನನ್ನ ಮಟ್ಟಿಗೆ ತುಂಬಾ ಒಳ್ಳೆಯ ಖರ್ಚು. ನೀರು ಖಾಲಿ ಮಾಡಿ ತುಂಬಿದಾಗಲೆಲ್ಲ ಇನ್‌ಹಿಬಿಟರ್ ಕೂಡ ಮತ್ತೆ ಹಾಕಬೇಕು. ಹೊಸ ನೀರು ಎಂದರೆ ಹೊಸ ಆಮ್ಲಜನಕ, ಹೊಸ ತುಕ್ಕು.

ಒಂದೇ ಪೈಪಿನ ಮನೆಗಳು, ಹಬೆಯ ಮನೆಗಳು

ಕೆಲವು ಹಳೆಯ ಮನೆಗಳಲ್ಲಿ ಒಂದೇ ಪೈಪು ಎಲ್ಲ ರೇಡಿಯೇಟರ್‌ಗಳನ್ನೂ ಸುತ್ತಿ ಬರುತ್ತದೆ. ಮೊದಲನೆಯದು ಬಿಟ್ಟ ತಣಿದ ನೀರು ಅದೇ ಪೈಪಿಗೆ ಸೇರಿ ಮುಂದಿನದಕ್ಕೆ ಹೋಗುವುದರಿಂದ ಕೊನೆಯದು ಯಾವಾಗಲೂ ಕಡಿಮೆ ಬಿಸಿ. ಮೊದಲಿನವುಗಳನ್ನು ಸ್ವಲ್ಪ ಮುಚ್ಚಿದರೆ ಅನುಕೂಲವಾಗುತ್ತದೆ, ಆದರೆ ಪೂರ್ತಿ ಸಮ ಆಗುವುದಿಲ್ಲ. ಅಲ್ಲಿ ಕೊನೆಯ ಕೋಣೆಗೆ ದೊಡ್ಡ ರೇಡಿಯೇಟರ್ ಹಾಕುವುದೇ ದಾರಿ.

ರೇಡಿಯೇಟರ್‌ಗೆ ಒಂದೇ ಪೈಪು ಇದ್ದು, ಪಕ್ಕದಲ್ಲಿ ಬುಸ್ ಬುಸ್ ಎನ್ನುವ ಪುಟ್ಟ ಲೋಹದ ಗಾಳಿಕಿಂಡಿ ಇದ್ದರೆ ಅದು ಹಬೆಯ ವ್ಯವಸ್ಥೆ. ಮೇಲೆ ಹೇಳಿದ್ದು ಅದಕ್ಕೆ ಅನ್ವಯಿಸುವುದಿಲ್ಲ. ಅದರ ವಾಲ್ವ್ ಪೂರ್ತಿ ತೆರೆದಿರಬೇಕು ಅಥವಾ ಪೂರ್ತಿ ಮುಚ್ಚಿರಬೇಕು. ಅರ್ಧ ಮುಚ್ಚಿದರೆ ಒಳಗಿನ ನೀರು ಹೊರಹೋಗದೆ, ಹಬೆ ಅದಕ್ಕೆ ಬಡಿದು ಸುತ್ತಿಗೆ ಹೊಡೆದಂತೆ ಸದ್ದಾಗುತ್ತದೆ. ರೇಡಿಯೇಟರ್ ವಾಲ್ವ್ ಕಡೆಗೆ ಚೂರು ಇಳಿಜಾರಾಗಿರಬೇಕು. ರಸಮಟ್ಟ ಇಟ್ಟು ನೋಡಿ, ಬೇಕಿದ್ದರೆ ಆಚೆ ಬದಿಯ ಕಾಲಿನ ಕೆಳಗೆ ತೆಳು ಹಲಗೆ ಕೊಡಿ. ಮೊದಲ ಕೆಲವು ಕಂಬಗಳು ಮಾತ್ರ ಕಾಯುತ್ತಿದ್ದರೆ ಗಾಳಿಕಿಂಡಿ ಕಟ್ಟಿಕೊಂಡಿದೆ, ತಣ್ಣಗಿರುವಾಗ ಹೊಸದು ಹಾಕಿ. ಇಲ್ಲಿ ಹಂಚಿಕೆ ಮಾಡುವುದೂ ಈ ಕಿಂಡಿಗಳೇ. ಬಾಯ್ಲರ್ ಹತ್ತಿರದವಕ್ಕೆ ನಿಧಾನದ ಕಿಂಡಿ, ದೂರದವಕ್ಕೆ ಬೇಗ ಗಾಳಿ ಬಿಡುವ ಕಿಂಡಿ.

ನೀವು ಮುಟ್ಟಬಾರದ್ದು

ಗ್ಯಾಸ್ ಬಾಯ್ಲರ್‌ನ ಮುಚ್ಚಳ ಬಿಚ್ಚಬೇಡಿ, ಅದು ಪರವಾನಗಿ ಇದ್ದವರ ಕೆಲಸ. ಬಿಸಿಯಾದಾಗ ಪ್ರೆಶರ್ 3 ಬಾರ್ ಹತ್ತಿರ ಏರಿ, ತಣಿದಾಗ ಸೊನ್ನೆಗೆ ಬೀಳುತ್ತಿದ್ದರೆ ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ಕೆಟ್ಟಿರಬಹುದು. ವಾರ ವಾರ ನೀರು ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ. ಪಂಪ್ ಬಿಸಿಯಾಗಿದ್ದೂ ಅದರ ಮೇಲೆ ಕೈಯಿಟ್ಟಾಗ ಸಣ್ಣ ನಡುಕವೂ ಇಲ್ಲ ಎಂದರೆ ಅದು ತಿರುಗುತ್ತಿಲ್ಲ. ಇವಕ್ಕೆಲ್ಲ ಗೊತ್ತಿರುವವರನ್ನೇ ಕರೆಸಿ. ಬಂದವರಿಗೆ ನಿಮ್ಮ ಹಾಳೆ ತೋರಿಸಿ, ಅವರ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಆ ಹಾಳೆಯನ್ನು ಎಸೆಯಬೇಡಿ. ಹಂಚಿಕೆ ಮುಗಿದ ಮೇಲೆ ಪ್ರತಿ ಲಾಕ್‌ಶೀಲ್ಡ್ ಎಷ್ಟು ಸುತ್ತು ತೆರೆದಿದೆ ಎಂದು ಕೋಣೆಯ ಹೆಸರಿನ ಮುಂದೆ ಬರೆದು, ತಾರೀಖು ಹಾಕಿ, ಬಾಯ್ಲರ್ ಇರುವ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಗೋಡೆಗೆ ಬಣ್ಣ ಹಚ್ಚಲು ಬಂದವರು ರೇಡಿಯೇಟರ್ ಕಳಚಿ, ಮತ್ತೆ ಕೂರಿಸಿ, ವಾಲ್ವ್ ಪೂರ್ತಿ ತೆರೆದು ಹೋಗುತ್ತಾರೆ. ಆ ಚಳಿಗಾಲಕ್ಕೆ ಕೊನೆಯ ಕೋಣೆ ಮತ್ತೆ ತಣ್ಣಗಾಗುತ್ತದೆ. ಆಗ ಹಾಳೆ ನೋಡಿ, ಆ ಒಂದು ವಾಲ್ವ್ ಅನ್ನು ಬಲಕ್ಕೆ ಪೂರ್ತಿ ಮುಚ್ಚಿ, ಬರೆದಷ್ಟು ಸುತ್ತು ಎಡಕ್ಕೆ ತೆರೆಯಿರಿ.